ಡೊರೀನಮ್ಮನ ಅಡುಗೆಮನೆಯ ಕರೆಂಟು ಬಾಯ್ಲರ್

ಇಂಗ್ಲೆಂಡಿಗೆ ಹೋಗಿ ಬಂದೆ ಎಂದರೆ ಹಿರಿಯೂರಿನಲ್ಲಿ ಎಲ್ಲರೂ ಕೇಳುವುದು ಅರಮನೆ ನೋಡಿದಿರಾ, ದೊಡ್ಡ ಗಡಿಯಾರ ನೋಡಿದಿರಾ ಎಂದು. ಎರಡನ್ನೂ ನೋಡಲಿಲ್ಲ. ಹದಿನೈದು ದಿನ ಇದ್ದು ನಾನು ಕಣ್ತುಂಬ ನೋಡಿದ್ದು ಒಂದು ಬಾಯ್ಲರನ್ನು. ಇದನ್ನು ಹೇಳಿದರೆ ಜನ ನನ್ನ ಹೆಂಡತಿ ಗಿರಿಜಳ ಮುಖ ನೋಡುತ್ತಾರೆ. ಅವಳು, "ಹೂಂ, ನಿಜ. ಇವರನ್ನ ಕರ್ಕಂಡು ಹೋದ್ರೆ ಇದೇ ಆಗದು" ಎನ್ನುತ್ತಾಳೆ.

ಅವಳ ತಪ್ಪಲ್ಲ. ನಾನು ಬೀರಲಿಂಗಪ್ಪ. ಮೂವತ್ತು ವರ್ಷ ಹೊಳಲ್ಕೆರೆ ತಾಲ್ಲೂಕಿನಲ್ಲಿ, ಅದರಲ್ಲೂ ತಾಳ್ಯದ ಸುತ್ತಮುತ್ತ ಮನೆಮನೆ ತಿರುಗಿ ಕರೆಂಟಿನ ಮೀಟರ್ ಓದಿದವನು. ನಿವೃತ್ತನಾಗಿ ಹಿರಿಯೂರು ಸೇರಿದ ಮೇಲೂ ಯಾರ ಮನೆಗೆ ಹೋದರೂ ಮೊದಲು ಕಣ್ಣು ಹೋಗುವುದು ಬಾಗಿಲ ಪಕ್ಕದ ಮೀಟರಿಗೆ. ಆಮೇಲೆ ಮನೆಯವರಿಗೆ ನಮಸ್ಕಾರ.

ನಮ್ಮನ್ನು ಕರೆಸಿಕೊಂಡವಳು ನನ್ನ ಅಕ್ಕನ ಮಗಳು ಶೈಲಜ. ಚಿತ್ರದುರ್ಗದಲ್ಲಿ ನರ್ಸಿಂಗ್ ಓದುವಾಗ ನಮ್ಮ ಮನೆಯಲ್ಲೇ ಇದ್ದವಳು. ಈಗ ಇಂಗ್ಲೆಂಡಿನ ಉತ್ತರ ಭಾಗದ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ಕೆಲಸ. "ಮಾವ, ಅತ್ತೇನ ಕರ್ಕಂಡು ಒಂದ್ಸಲ ಬರ್ರಿ, ಇಲ್ಲಾಂದ್ರೆ ನಾನು ಮಾತೇ ಆಡಲ್ಲ" ಎಂದು ಫೋನಿನಲ್ಲಿ ಹೆದರಿಸಿದಳು. ಏಪ್ರಿಲ್ ಬಿಸಿಲಿನಲ್ಲಿ ಹಿರಿಯೂರು ಹೆಂಚಿನ ಹಾಗೆ ಕಾಯುತ್ತಿತ್ತು. ಹೆಚ್ಚು ಹೆದರಿಸಬೇಕಾಗಲಿಲ್ಲ.

ಐಮಂಗಲದಿಂದ ಆ ಊರಿನ ತನಕ

ನಮ್ಮದು ಕುರಿ ಕಾಯುವ ಮನೆತನ. ಅಣ್ಣ ಈಗಲೂ ಐಮಂಗಲದ ಹತ್ತಿರ ಕುರಿ ಇಟ್ಟಿದ್ದಾನೆ. ಹೊರಡುವ ದಿನ ಹೆದ್ದಾರಿ ಪಕ್ಕಕ್ಕೆ ಬಂದು ನಿಂತಿದ್ದ. ಕೈಯಲ್ಲಿ ಹೊಸ ಕರಿ ಕಂಬಳಿ.

"ಅಲ್ಲಿ ಚಳಿ ಅಂತೆ. ತಗಂಡು ಹೋಗು. ಅಂಗೇ ಅಲ್ಲಿ ಕುರಿ ಎಂಗವೆ ನೋಡ್ಕಂಡು ಬಾ" ಎಂದ.

ಸೂಟ್‌ಕೇಸಿನಲ್ಲಿ ಕಂಬಳಿ ಹಿಡಿಸಲಿಲ್ಲ. ಹೆಗಲ ಮೇಲೆ ಹಾಕಿಕೊಂಡೇ ವಿಮಾನ ಹತ್ತಿದೆ. ಆ ಕಡೆ ಇಳಿದಾಗ ಸುಂಕದ ಅಧಿಕಾರಿಯೊಬ್ಬ ನಮ್ಮನ್ನು ಪಕ್ಕಕ್ಕೆ ಕರೆದು ಕಂಬಳಿಯನ್ನು ಮೇಜಿನ ಮೇಲೆ ಹರಡಿಸಿದ. ಬಗ್ಗಿ ಮೂಸಿದ. ಸೀನಿದ. ಮತ್ತೆ ಮೂಸಿದ, ಮತ್ತೆ ಸೀನಿದ. ಪ್ರಾಣಿಯೇನಾದರೂ ಇದರಲ್ಲಿದೆಯೇ ಎಂದು ಕೇಳಿದ. "ಶೀಪ್, ಸರ್. ಬಟ್ ಓನ್ಲಿ ಹೇರ್" ಎಂದೆ. ಕಣ್ಣೊರೆಸಿಕೊಂಡು, ಬೇಗ ಹೋಗಿ ಎಂಬಂತೆ ಕೈ ಬೀಸಿದ.

ಶೈಲಜಳ ಕಾರಿನಲ್ಲಿ ಊರಿನತ್ತ ಹೋಗುವಾಗ ದಾರಿಯುದ್ದಕ್ಕೂ ಕುರಿಗಳು. ಹಂದಿಯಷ್ಟು ದಪ್ಪ, ಮೈತುಂಬ ಹತ್ತಿ ಅಂಟಿಸಿದ ಹಾಗೆ ಉಣ್ಣೆ. ಕಾಯುವವರು ಒಬ್ಬರೂ ಕಾಣಲಿಲ್ಲ. ಪ್ರತಿ ಕುರಿಯ ಬೆನ್ನಿಗೂ ನೀಲಿ ಬಣ್ಣದ ಗುರುತು. ಗಿರಿಜ ಗಾಜಿಗೆ ಮೂಗು ಒತ್ತಿ, "ನೋಡ್ರಿ, ಇವ್ರೂ ನಮ್ಮಂಗೇ ಬಣ್ಣ ಹಚ್ಚಿದಾರೆ. ಇಲ್ಲೂ ಕದಿಯೋರು ಇರ್ಬೇಕು" ಎಂದಳು. ಅಷ್ಟು ಹೊತ್ತೂ ಅಪರಿಚಿತವಾಗಿದ್ದ ದೇಶ ಆಗ ಅವಳಿಗೆ ಸ್ವಲ್ಪ ಹಿಡಿಸಿತು.

ಸೋಮವಾರ: ಬಿಸಿ ಫ್ರಿಜ್ಜು

ಶೈಲಜ ಇದ್ದದ್ದು ವಾಲ್ಟರ್ ಮತ್ತು ಡೊರೀನ್ ಎಂಬ ಗಂಡ ಹೆಂಡತಿಯ ಮನೆಯ ಮಹಡಿಯ ಮೇಲೆ. ಅಡುಗೆಮನೆ ಎಲ್ಲರಿಗೂ ಒಂದೇ, ಕೆಳಗೆ. ವಾಲ್ಟರ್ ಮೇಷ್ಟರಾಗಿ ನಿವೃತ್ತರಾದವರು. ಎಪ್ಪತ್ತು ದಾಟಿದೆ, ಕಿವಿ ಮಂದ. ಡೊರೀನ್ ಅವರ ಕಿವಿ ಮಾತ್ರ ಬಲು ಚುರುಕು. ಗಿರಿಜ ಮೊದಲ ದಿನವೇ ಅವರನ್ನು ಡೊರೀನಮ್ಮ ಮಾಡಿಬಿಟ್ಟಳು. ನನ್ನ ಹೆಸರಿನ ಪೂರ್ತಿ ಉದ್ದ ವಾಲ್ಟರ್ ಅವರ ನಾಲಗೆಗೆ ಬರಲಿಲ್ಲ. ಮೊದಲ ತುಂಡು ಮಾತ್ರ ಹಿಡಿದು "ಮಿಸ್ಟರ್ ಬೀರ್" ಎಂದರು. ಜೀವನದಲ್ಲಿ ಒಂದು ತೊಟ್ಟು ಮುಟ್ಟದವನಿಗೆ ಆ ಹೆಸರು ಹದಿನೈದು ದಿನ ಅಂಟಿಕೊಂಡಿತು.

ಬೆಳಿಗ್ಗೆ ಗಿರಿಜ ಅಡುಗೆಮನೆಯಿಂದ ಕೂಗಿದಳು. "ರೀ, ಇಲ್ಲಿ ಬರ್ರಿ. ಇವ್ರ ಫ್ರಿಜ್ಜು ಕೆಟ್ಟೈತೆ. ಮುಟ್ಟಿದ್ರೆ ಬಿಸಿ, ಮೇಲಿಂದ ಗುರ್ರ್ ಅಂತೈತೆ."

ಮೂಲೆಯಲ್ಲಿ ಸೊಂಟದೆತ್ತರದ ಬಿಳಿ ಪೆಟ್ಟಿಗೆ. ಅದರ ಮೇಲೆ ಅವಳು ಮೊಸರಿನ ಡಬ್ಬಿ ಇಡಲು ಹೋಗಿದ್ದಳು. ಕೆಲಸಕ್ಕೆ ಹೊರಟಿದ್ದ ಶೈಲಜ ನಕ್ಕು, "ಅತ್ತೆ, ಅದು ಬಾಯ್ಲರು" ಎಂದಳು.

ನಮ್ಮ ಕಡೆ ಬಾಯ್ಲರ್ ಅಂದರೆ ಬಚ್ಚಲಲ್ಲಿ ನಿಂತಿರುವ ತಾಮ್ರದ ದುಂಡು ಪಾತ್ರೆ. ಕೆಳಗೆ ತೆಂಗಿನ ಮಟ್ಟೆ ತುರುಕಿ ಬೆಂಕಿ ಹಾಕಿದರೆ ನೀರು ಕಾಯುತ್ತದೆ, ಹೊಗೆ ಕಣ್ಣಿಗೆ ಬರುತ್ತದೆ. ಹೊಸದುರ್ಗದ ನಮ್ಮ ಬೀಗರ ಮನೆಯಲ್ಲಿ ಇವತ್ತಿಗೂ ಅದೇ. ಇದು ಹಾಗಲ್ಲ ಎಂದು ವಾಲ್ಟರ್ ಒಂದು ಕುರ್ಚಿ ಎಳೆದು ನನ್ನನ್ನು ಕೂರಿಸಿ ಹೇಳತೊಡಗಿದರು. ಅವರ ಇಂಗ್ಲಿಷು ನನಗೆ ಅರ್ಥವಾದಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ಪೆಟ್ಟಿಗೆಯೊಳಗೆ ಗ್ಯಾಸು ಉರಿಯುತ್ತದೆ. ಆ ಕಾವಿನಿಂದ ಮನೆ ಬೆಚ್ಚಗಾಗುತ್ತದೆ, ನಲ್ಲಿಗೆ ಬಿಸಿನೀರು ಬರುತ್ತದೆ. ಹಾಗೆ ಉರಿಯುವಾಗಲೇ ಒಳಗಿರುವ ಒಂದು ಪುಟ್ಟ ಎಂಜಿನ್ ಆಡಿ ಕರೆಂಟನ್ನೂ ಮಾಡುತ್ತದೆ.

"ಕರೆಂಟು ಮಾಡಿದರೆ?" ಎಂದೆ. ನನ್ನ ಬೆನ್ನು ನೆಟ್ಟಗಾಗಿತ್ತು.

"ಮಾಡಿದ ಪ್ರತಿ ಯೂನಿಟ್ಟಿಗೂ ದುಡ್ಡು ಕೊಡುತ್ತಾರೆ, ಮಿಸ್ಟರ್ ಬೀರ್. ಅದೇ ಕರೆಂಟಿನಲ್ಲಿ ನಾನು ಬ್ರೆಡ್ಡು ಸುಟ್ಟುಕೊಂಡು ತಿಂದರೂ ಕೊಡುತ್ತಾರೆ. ಉಳಿದು ಬೀದಿಯ ತಂತಿಗೆ ಹೋದದ್ದಕ್ಕೆ ಬೇರೆ."

ನಮ್ಮಲ್ಲಿ ಮನೆ ಮೇಲೆ ಸೋಲಾರ್ ಹಾಕಿಸಿಕೊಂಡವರ ಮೀಟರುಗಳನ್ನು ನಾನು ಓದಿದ್ದೇನೆ. ತಾವು ಬಳಸಿ ಉಳಿದದ್ದು ಹೊರಗೆ ಹೋದರೆ ಅದಕ್ಕೆ ಲೆಕ್ಕ. ತಾನೇ ಮಾಡಿ ತಾನೇ ತಿಂದ ರೊಟ್ಟಿಗೂ ದುಡ್ಡು ಕೊಡುವ ಸರ್ಕಾರವನ್ನು ಅಂದೇ ಕಂಡದ್ದು.

ಆದರೆ ನಿಯಮಗಳೇನು ಕಡಿಮೆಯಲ್ಲ. ವಾಲ್ಟರ್ ಒಂದು ದಪ್ಪ ಫೈಲು ತಂದು ತೊಡೆಯ ಮೇಲಿಟ್ಟುಕೊಂಡರು. ಯಂತ್ರದ ಹೆಸರು ಒಪ್ಪಿಗೆಯ ಪಟ್ಟಿಯಲ್ಲಿರಬೇಕು. ಕೂರಿಸುವವನ ಹೆಸರು ಇನ್ನೊಂದು ಪಟ್ಟಿಯಲ್ಲಿರಬೇಕು. ಅದು ಮಾಡುವ ಕರೆಂಟು ಎರಡು ಕಿಲೋವ್ಯಾಟ್ ಮೀರಬಾರದು. ಅದಕ್ಕೇ ಪ್ರತ್ಯೇಕ ಮೀಟರು ಇರಬೇಕು. ಮೂರು ತಿಂಗಳಿಗೊಮ್ಮೆ ಮನೆಯವರೇ ಓದಿ ಕಳಿಸಬೇಕು. ಎರಡು ವರ್ಷಕ್ಕೊಮ್ಮೆ ಕರೆಂಟು ಕಂಪನಿಯವರು ಖುದ್ದಾಗಿ ಬಂದು ನೋಡಬೇಕು. ಹೀಗೆ ಹತ್ತು ವರ್ಷ. ಹೊಸಬರಿಗೆ ಯೋಜನೆಯ ಬಾಗಿಲು ಎಂದೋ ಮುಚ್ಚಿದೆ. ಒಳಗಿದ್ದವರು ಒಳಗೆ, ಹೊರಗಿದ್ದವರು ಹೊರಗೆ. ವಾಲ್ಟರ್ ಮುಚ್ಚುವ ಸ್ವಲ್ಪ ಮೊದಲು ನುಗ್ಗಿದವರು. ಏಳು ವರ್ಷ ಆಗಿತ್ತು, ಇನ್ನು ಮೂರು ಉಳಿದಿತ್ತು.

"ಇದೇ ಗುರುವಾರ ನೋಡಲು ಬರುತ್ತಾರೆ" ಎಂದು ಪತ್ರ ತೋರಿಸಿದರು. ಮಗಳನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆ ಎನ್ನುವ ಧಾಟಿ.

ಒಲೆಯ ಮುಂದಿದ್ದ ಡೊರೀನಮ್ಮ ಡ್ರಾಯರ್ ಎಳೆದು ಬೇರೊಂದು ಬಣ್ಣದ ಪುಸ್ತಿಕೆ ತೆಗೆದು ನನ್ನ ಮುಂದೆ ಇಟ್ಟರು. ಹೊರಗಿನ ಗಾಳಿಯಿಂದಲೇ ಕಾವು ಎಳೆದು ಮನೆ ಬೆಚ್ಚಗಿಡುವ ಪಂಪಿನ ಚಿತ್ರ. ಮನೆಯ ಹಿಂದೆ ನಿಲ್ಲಿಸುವಂಥದ್ದು. ಅದಕ್ಕೆ ಈಗ ಸರ್ಕಾರ ಸಹಾಯಧನ ಕೊಡುತ್ತದೆ, ಆದರೆ ಗ್ಯಾಸಿನ ಬಾಯ್ಲರ್ ಕಿತ್ತು ಹಾಕಬೇಕು.

"ಏಳು ವರ್ಷದಿಂದ ನನ್ನ ಅಡುಗೆಮನೆಯಲ್ಲಿ ಒಂದು ಬಸ್ಸು ನಿಂತು ಎಂಜಿನ್ ಆಫ್ ಮಾಡಿಲ್ಲ" ಎಂದರು ಡೊರೀನಮ್ಮ.

ಒಂದು ಸರ್ಕಾರ ಗಂಡನಿಗೆ ಇಟ್ಟುಕೋ ಎಂದು ದುಡ್ಡು ಕೊಡುತ್ತಿದೆ, ಅದೇ ಸರ್ಕಾರ ಹೆಂಡತಿಗೆ ಕಿತ್ತು ಹಾಕು ಎಂದು ದುಡ್ಡು ಕೊಡುತ್ತೇನೆ ಎನ್ನುತ್ತಿದೆ. ಇಂಥ ಸಂಸಾರದ ನಡುವೆ ನಾವು ಊರಿಂದ ತಂದ ಉಪ್ಪಿನಕಾಯಿ ಡಬ್ಬಿ ಹಿಡಿದು ನಿಂತಿದ್ದೆವು.

ಮಂಗಳವಾರ: ಪೇಟೆ

ಮಂಗಳವಾರ ಶೈಲಜಳಿಗೆ ರಜೆ. ಪೇಟೆ ತೋರಿಸಿದಳು. ಅಲ್ಲಿಯ ಜನ ಬಿಸಿಲು ಎಂದು ಚಡ್ಡಿ ಹಾಕಿಕೊಂಡು ಐಸ್‌ಕ್ರೀಮ್ ತಿನ್ನುತ್ತಿದ್ದರು. ಗಿರಿಜ ಎರಡು ಸ್ವೆಟರಿನ ಮೇಲೆ ಶಾಲು ಹೊದ್ದು ಅವರ ನಡುವೆ ನಡೆದಳು. ಬಸ್‌ಸ್ಟಾಪಿನಲ್ಲಿ ನಾನು ಸಾಲಿನ ಪಕ್ಕ ನಿಂತರೆ, ಆ ಸಾಲೇ ಮುರಿದು ನನ್ನ ಹಿಂದೆ ಬಂದು ನಿಂತಿತು. ನಾನು ಬಸ್ಸಿಗೆ ಕಾಯುತ್ತಿರಲಿಲ್ಲ, ಅಂಗಡಿಯೊಳಗಿದ್ದ ಹೆಂಡತಿಗೆ ಕಾಯುತ್ತಿದ್ದೆ. ಬಸ್ಸು ಬಂದಾಗ ನಾನು ಹತ್ತಲಿಲ್ಲವಾದ್ದರಿಂದ ಸ್ವಲ್ಪ ಹೊತ್ತು ಯಾರೂ ಹತ್ತಲಿಲ್ಲ. ಹಿರಿಯೂರು ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದವನಿಗೆ ಇದನ್ನು ನೋಡಿ ಎದೆ ತುಂಬಿ ಬಂತು.

ಸಂಜೆ ಮನೆಗೆ ಬಂದರೆ ಒಳಗೆ ಹೊರಗಿಗಿಂತ ಚಳಿ. ಬಾಯ್ಲರು ಸುಮ್ಮನಾಗಿತ್ತು. ವಾಲ್ಟರ್ ಅದರ ಮುಂದೆ ಸ್ಟೂಲ್ ಹಾಕಿ, ಜ್ವರದ ಮಗುವಿನ ಹಣೆ ಮುಟ್ಟುವ ಹಾಗೆ ಕೈ ಇಟ್ಟು ಕುಳಿತಿದ್ದರು.

"ಬೆಳಿಗ್ಗೆ ಚೆನ್ನಾಗಿತ್ತು" ಎಂದರು.

ಬುಧವಾರ: ಬಿಚ್ಚಬಾರದ ಪೆಟ್ಟಿಗೆ

ಮರುದಿನ ಬೆಳಿಗ್ಗೆ ಫೋನಿನ ಮೇಲೆ ಫೋನು. ಯಂತ್ರ ಮಾಡಿದ ಕಂಪನಿ ಮುಚ್ಚಿಹೋಗಿದೆ. ಅದರ ಮುಚ್ಚಳ ತೆಗೆಯಲು ಪ್ರಮಾಣಪತ್ರವಿರುವ ಮೆಕ್ಯಾನಿಕ್ ಆ ಸೀಮೆಗೆಲ್ಲ ಒಬ್ಬನೇ. ಅವನು ಬರುವುದು ಎರಡು ವಾರದ ನಂತರ.

"ಸ್ಕ್ರೂಡ್ರೈವರ್ ಕೊಡಿ, ನಾನು ನೋಡುತ್ತೇನೆ" ಎಂದೆ. ತಾಳ್ಯದಲ್ಲಿ ನಾನು ಓದಲು ಹೋದ ಮನೆಯಲ್ಲಿ ಫ್ಯೂಸು ಹೋಗಿದ್ದರೆ ಹಾಕಿಯೇ ಬರುತ್ತಿದ್ದೆ. ವಾಲ್ಟರ್ ಗಾಬರಿಯಿಂದ ಎರಡೂ ಕೈ ಅಡ್ಡ ಹಿಡಿದರು. ಗ್ಯಾಸಿನ ಯಂತ್ರವನ್ನು ಪ್ರಮಾಣಪತ್ರವಿಲ್ಲದವನು ಬಿಚ್ಚಿದರೆ ಅಪರಾಧ. ಮೇಲಾಗಿ ಅವರ ನಂಬಿಕೆ ಏನೆಂದರೆ, ಗುರುವಾರ ಬರುವವನು ಯಂತ್ರ ಓಡುತ್ತಿಲ್ಲ ಎಂದು ಬರೆದುಕೊಂಡರೆ ನೋಂದಣಿ ರದ್ದು. ಒಮ್ಮೆ ಹೊರಬಿದ್ದರೆ ಮತ್ತೆ ಒಳಗೆ ಸೇರಿಸುವುದಿಲ್ಲ.

ಅವರು ತಿಂಡಿಯನ್ನೂ ಸರಿಯಾಗಿ ತಿನ್ನಲಿಲ್ಲ. ಡೊರೀನಮ್ಮ ಮಾತ್ರ ಎರಡು ಮೊಟ್ಟೆ ತಿಂದರು. ಅಂದು ಅವರ ಹೆಗಲ ಮೇಲೆ ನನ್ನ ಅಣ್ಣ ಕೊಟ್ಟ ಕಂಬಳಿ ಇತ್ತು. ಗಿರಿಜ ಹೊದಿಸಿದ್ದಳು.

ಮಧ್ಯಾಹ್ನ ಗಿರಿಜ ನನ್ನ ಮೇಲೆ ರೇಗಿದಳು. "ಲೋಕದಾಗೆ ಇರೋ ಸ್ವಿಚ್ಚೆಲ್ಲ ಆರಿಸ್ತೀರಲ್ಲ, ನನ್ನ ಫೋನ್ ಚಾರ್ಜಿಗೆ ಹಾಕಿದ್ದೂ ಆರಿಸಿದೀರಿ. ಮನೇಲಿ ಆಡೋ ಆಟ ಇಲ್ಲೂ ಆಡ್ಬೇಕಾ?"

ಬಾಯ್ಲರು ಯಾಕೆ ನಿಂತಿತು ಎಂದು ನನಗೆ ಆಗ ಹೊಳೆಯಿತು. ಮಂಗಳವಾರ ಬೆಳಿಗ್ಗೆ ಮನೆ ಬಿಡುವ ಮುನ್ನ ಅಡುಗೆಮನೆಯಲ್ಲಿ ಬ್ರೆಡ್ಡಿನ ಡಬ್ಬಿಯ ಹಿಂದೆ ಗೋಡೆಯಲ್ಲಿ ಒಂದು ಕೆಂಪು ದೀಪ ಸುಮ್ಮನೆ ಉರಿಯುತ್ತಿತ್ತು. ಯಾರಿಗೂ ಬೇಡದ ದೀಪ ಎಂದುಕೊಂಡು ಅದರ ಸ್ವಿಚ್ಚು ಒತ್ತಿದ್ದೆ. ಮೂವತ್ತು ವರ್ಷ ಜನರಿಗೆ ಕರೆಂಟು ಉಳಿಸಿ ಎಂದು ಹೇಳಿ ಹೇಳಿ ಕೈಗೆ ಅಂಟಿದ ಚಟ.

ಅಡುಗೆಮನೆಗೆ ಓಡಿದೆ. ವಾಲ್ಟರ್ ಹಿತ್ತಲಲ್ಲಿದ್ದರು. ಡೊರೀನಮ್ಮ ಆಲೂಗಡ್ಡೆ ಸುಲಿಯುತ್ತಿದ್ದರು. ಸ್ವಿಚ್ಚಿದ್ದ ಜಾಗದಲ್ಲಿ ಈಗ ಒಂದು ಟವೆಲ್ ನೇತಾಡುತ್ತಿತ್ತು. ನಾನು ಕೈ ಚಾಚಿದೆ.

"ಬೇಡ, ಮಿಸ್ಟರ್ ಬೀರ್" ಎಂದರು ಡೊರೀನಮ್ಮ, ತಲೆ ಎತ್ತದೆ. "ನೀವು ಆರಿಸುವಾಗ ನೋಡಿದೆ. ಟವೆಲ್ ನಾನೇ ಹಾಕಿದ್ದು. ಗುರುವಾರದ ತನಕ ಒಂದು ಮಾತೂ ಬೇಡ." ಆಮೇಲೆ ತುಟಿಯ ಮೇಲೆ ಬೆರಳಿಟ್ಟರು. ಬೆರಳಿಗೆ ಆಲೂಗಡ್ಡೆ ಸಿಪ್ಪೆ ಅಂಟಿತ್ತು.

ಪರದೇಶದಲ್ಲಿ ಬೇರೆಯವರ ಗಂಡ ಹೆಂಡಿರ ಜಗಳದಲ್ಲಿ ನಾನು ಪಾಲುದಾರನಾಗಿಬಿಟ್ಟಿದ್ದೆ. ಗಿರಿಜಳಿಗೆ ಹೇಳಿದೆ. ಅವಳು ಸ್ವಲ್ಪ ಯೋಚಿಸಿ, "ಆ ಯಜಮಾನ್ರು ಎರಡು ದಿನದಾಗೆ ಇಳಿದು ಹೋಗಿದಾರೆ. ಮಾಡಿದ್ದು ನೀವು. ಹೋಗಿ ಹೇಳ್ರಿ" ಎಂದಳು.

ಹಿತ್ತಲಿಗೆ ಹೋದೆ. ವಾಲ್ಟರ್ ಬೆಂಚಿನ ಮೇಲೆ ಫೈಲು ತಬ್ಬಿಕೊಂಡು ಕುಳಿತಿದ್ದರು. ನಾನು ಧೈರ್ಯ ಮಾಡಿ, "ಸರ್, ಐ ಆಫ್ ದಿ ಸ್ವಿಚ್" ಎಂದೆ.

ಅವರು ಕಿವಿಗೆ ಕೈ ಹಚ್ಚಿದರು. "ಹೌದು" ಎಂದರು, "ಆಫ್. ಪೂರ್ತಿ ಆಫ್."

"ಐ ಆಫ್, ಸರ್. ಮೀ."

"ನಿಮಗೂ ಚಳಿ. ಗೊತ್ತು ಮಿಸ್ಟರ್ ಬೀರ್. ಕ್ಷಮಿಸಿ." ನನ್ನ ಕೈ ಹಿಡಿದುಕೊಂಡರು. ಅವರ ಕಣ್ಣು ಒದ್ದೆಯಾಗಿತ್ತು. ತಪ್ಪು ಒಪ್ಪಿಕೊಳ್ಳಲು ಹೋದ ನಾನು ಕ್ಷಮೆ ಕೇಳಿಸಿಕೊಂಡು ವಾಪಸು ಬಂದೆ. ಶೈಲಜ ಡ್ಯೂಟಿ ಮುಗಿಸಿ ಬರುವಷ್ಟರಲ್ಲಿ ಅವರು ಮಾತ್ರೆ ನುಂಗಿ ಮಲಗಿದ್ದರು. ಬೆಳಿಗ್ಗೆ ಅವಳ ಬಾಯಲ್ಲೇ ಹೇಳಿಸುವುದು ಎಂದು ತೀರ್ಮಾನಿಸಿದೆವು.

ಗುರುವಾರ: ಎಲ್ಲರಿಗೂ ಸ್ನಾನ

ಬೆಳಿಗ್ಗೆ ಎದ್ದು ಮೆಟ್ಟಿಲಿಳಿಯುವಾಗಲೇ ಆ ಗುರ್ರ್ ಕೇಳಿಸಿತು. ಅಡುಗೆಮನೆಯಲ್ಲಿ ಡೊರೀನಮ್ಮ ಕಂಬಳಿ ಹೊದ್ದು, ಕಣ್ಣು ಕೆಂಪಗೆ ಮಾಡಿಕೊಂಡು ಚಹಾ ಕುಡಿಯುತ್ತಿದ್ದರು. ಗೋಡೆಯ ಮೇಲೆ ಟವೆಲ್ ಇರಲಿಲ್ಲ. ಕೆಂಪು ದೀಪ ಉರಿಯುತ್ತಿತ್ತು.

ಶೈಲಜ ಕೇಳಿದ್ದಕ್ಕೆ ಅವರು ಹೇಳಿದ್ದು ಇಷ್ಟು: ಅವರ ಮಲಗುವ ಕೋಣೆ ಅಡುಗೆಮನೆಗೆ ಅಂಟಿಕೊಂಡಿದೆ. ಏಳು ವರ್ಷದಿಂದ ಈ ಯಂತ್ರದ ಸದ್ದಿನಲ್ಲಿ ವಾಲ್ಟರ್ ಅವರ ಗೊರಕೆ ಮುಚ್ಚಿಹೋಗಿತ್ತು. ಯಂತ್ರ ನಿಂತ ಎರಡು ರಾತ್ರಿ ಆ ಗೊರಕೆಯೊಂದೇ ಕೇಳಿಸಿದೆ.

"ಬಸ್ಸೇ ವಾಸಿ" ಎಂದರು ಡೊರೀನಮ್ಮ. "ಇನ್ನು ಮೂರು ವರ್ಷ ನಿಲ್ಲಲಿ. ವಾಲ್ಟರ್‌ಗೆ ಹೇಳಬೇಡಿ."

ಶೈಲಜ ನನ್ನ ಕಡೆ ತಿರುಗಿ, "ಮಾವ, ಇದು ಇಲ್ಲಿಗೇ ಬಿಡಿ" ಎಂದಳು. ಬಿಟ್ಟೆ. ವಾಲ್ಟರ್ ಅವರಿಗೆ ಕನ್ನಡ ಬರುವುದಿಲ್ಲವಾದ್ದರಿಂದ ಈಗ ಬರೆಯುತ್ತಿದ್ದೇನೆ. ಯಂತ್ರ ತಾನಾಗಿ ಸರಿಹೋಯಿತು, ಅದಕ್ಕೆ ಎರಡು ದಿನ ವಿಶ್ರಾಂತಿ ಬೇಕಿತ್ತು ಎಂದೇ ಅವರು ನಂಬಿದ್ದಾರೆ.

ಅವರ ಸಂತೋಷ ಹನ್ನೊಂದು ಗಂಟೆಯವರೆಗೆ ಇತ್ತು. ಅಷ್ಟರಲ್ಲಿ ಆ ದೇಶಕ್ಕೆ ಅಪರೂಪವಾದ ಜೋರು ಬಿಸಿಲು ಬಿತ್ತು. ಮನೆ ಬೆಚ್ಚಗಾಯಿತು. ಬೆಚ್ಚಗಾದ ಮನೆಗೆ ಕಾವು ಬೇಡ, ಕಾವು ಬೇಡದಿದ್ದರೆ ಬೆಂಕಿಯಿಲ್ಲ, ಬೆಂಕಿಯಿಲ್ಲದಿದ್ದರೆ ಕರೆಂಟಿಲ್ಲ. ಬಾಯ್ಲರು ಮತ್ತೆ ಬಾಯಿ ಮುಚ್ಚಿತು. ಕರೆಂಟು ಕಂಪನಿಯವನು ಒಂದು ಗಂಟೆಯೊಳಗೆ ಬರಬೇಕು. ಅವನು ಬಂದಾಗ ಯಂತ್ರ ಓಡುತ್ತಿರಲೇಬೇಕು ಎಂದು ವಾಲ್ಟರ್ ಹಟ ಹಿಡಿದರು.

"ಬಿಸಿನೀರು ಖರ್ಚು ಮಾಡಿದ್ರೆ ಓಡ್ತದೆ" ಎಂದಳು ಶೈಲಜ. ಅವಳಿಗೆ ಡ್ಯೂಟಿಗೆ ಹೊತ್ತಾಗಿತ್ತು, ಸಲಹೆ ಕೊಟ್ಟು ಹೊರಟುಹೋದಳು.

"ಅಷ್ಟೇನಾ?" ಎಂದಳು ಗಿರಿಜ. ಸೂಟ್‌ಕೇಸಿನಿಂದ ಕೊಬ್ಬರಿ ಎಣ್ಣೆ ತಂದಳು. ಮನೆಯಲ್ಲಿ ಎರಡು ಬಚ್ಚಲು. ಮೊದಲು ನನ್ನ ತಲೆಗೆ ಎಣ್ಣೆ ಒತ್ತಿ ಮೇಲಿನ ಬಚ್ಚಲಿಗೆ ದಬ್ಬಿದಳು. ಆಮೇಲೆ ಡೊರೀನಮ್ಮನನ್ನು ಕೂರಿಸಿದಳು. ಅವರು ಏನೂ ಅರ್ಥವಾಗದೆ ಕುಳಿತು, ಎಣ್ಣೆ ಒತ್ತಿಸಿಕೊಳ್ಳುತ್ತ ಒತ್ತಿಸಿಕೊಳ್ಳುತ್ತ ನಿದ್ದೆ ಹೋಗುವ ಹಾಗಾದರು. ಅವರನ್ನು ಕೆಳಗಿನ ಬಚ್ಚಲಿಗೆ ಕಳಿಸಿ, ವಾಲ್ಟರ್ ಅವರನ್ನು ಕರೆದು, ಇರುವ ನಾಲ್ಕು ಕೂದಲಿಗೂ ಶ್ರದ್ಧೆಯಿಂದ ಎಣ್ಣೆ ಹಚ್ಚಿದಳು. ಯುಗಾದಿಗೆ ನಮ್ಮ ಮನೆಯಲ್ಲಿ ನಡೆಯುವ ಹಾಗೇ ಸಾಲಾಗಿ ಎಲ್ಲರ ಅಭ್ಯಂಜನ. ನಲ್ಲಿಗಳನ್ನೆಲ್ಲ ಬಿಟ್ಟೆವು. ಮನೆ ತುಂಬ ಹಬೆ. ಮೂಲೆಯಲ್ಲಿ ಬಾಯ್ಲರು ಗುರ್ರ್ ಎಂದು ಜೀವ ಹಿಡಿಯಿತು. ವಾಲ್ಟರ್ ಸೋಪಿನ ನೊರೆಯಲ್ಲೇ ಬಚ್ಚಲಿನ ಬಾಗಿಲು ತೆರೆದು, "ಓಡುತ್ತಿದೆಯೇ?" ಎಂದು ಕೂಗಿ ಕೇಳುತ್ತಿದ್ದರು. "ಓಡ್ತೈತೆ, ನೀವು ತಿಕ್ಕಳ್ರಿ" ಎಂದು ಗಿರಿಜ ಕನ್ನಡದಲ್ಲೇ ಧೈರ್ಯ ಹೇಳುತ್ತಿದ್ದಳು.

ವಾಲ್ಟರ್ ನೊರೆ ತೊಳೆದು ತಲೆಗೆ ಟವೆಲ್ ಸುತ್ತಿಕೊಂಡು ಬರುವಷ್ಟರಲ್ಲಿ ಕರೆಗಂಟೆ ಸದ್ದಾಯಿತು.

ಬಾಗಿಲು ತೆರೆದವನು ನಾನು. ದಪ್ಪನೆಯ, ಕನ್ನಡಕ ಹಾಕಿದ, ಐವತ್ತರ ಆಸುಪಾಸಿನ ಮನುಷ್ಯ. ಒಳಗೆ ಕಾಲಿಟ್ಟ ತಕ್ಷಣ ಅವನ ಕನ್ನಡಕ ಹಬೆಗೆ ಬೆಳ್ಳಗಾಯಿತು. ತಲೆಗೆ ಟವೆಲ್ ಸುತ್ತಿಕೊಂಡ ಮೂವರನ್ನೂ, ಕೈಯೆಲ್ಲ ಎಣ್ಣೆಯಾಗಿದ್ದ ಗಿರಿಜಳನ್ನೂ ಅವನು ಸರಿಯಾಗಿ ನೋಡಲಾಗಲಿಲ್ಲ. ಅದೊಂದು ಪುಣ್ಯ.

ವಾಲ್ಟರ್ ಓಡುತ್ತಿರುವ ಯಂತ್ರದ ಪಕ್ಕ ಕೈ ಕಟ್ಟಿ ನಿಂತರು. ಬಂದವನು ಯಂತ್ರದ ಕಡೆ ತಿರುಗಿಯೂ ನೋಡಲಿಲ್ಲ.

"ಓಡುತ್ತಿದೆ" ಎಂದರು ವಾಲ್ಟರ್, ತಡೆಯಲಾರದೆ.

"ಓಡಲಿ ಬಿಡಲಿ, ನನಗೆ ಬೇಕಾದ್ದು ಮೀಟರಿನ ಅಂಕೆ" ಎಂದ ಅವನು. ಮೀಟರಿನ ಮುಂದೆ ಬಗ್ಗಿ ಕನ್ನಡಕ ಒರೆಸಿಕೊಂಡ. ಮತ್ತೆ ಬೆಳ್ಳಗಾಯಿತು. ಫೋನಿನಲ್ಲಿ ಚಿತ್ರ ತೆಗೆಯಲು ಹೋದ, ಅದರ ಕಣ್ಣಿಗೂ ಹಬೆ. ನಿಟ್ಟುಸಿರು ಬಿಟ್ಟು, "ಇಲ್ಲಿ ಯಾರಿಗಾದರೂ ಇದನ್ನು ಓದಲು ಬರುತ್ತದೆಯೇ?" ಎಂದ.

ನಾನು ಮುಂದೆ ಹೋದೆ. ಸೊಂಟ ಬಗ್ಗಿಸಿ, ತಾನಾಗಿಯೇ ಬಂದ ಏರುದನಿಯಲ್ಲಿ ಅಂಕೆಗಳನ್ನು ಒಂದೊಂದಾಗಿ ಕನ್ನಡದಲ್ಲಿ ಓದಿದೆ. ಆಮೇಲೆ ನೆನಪಾಗಿ ಇಂಗ್ಲಿಷಿನಲ್ಲಿ ಓದಿದೆ. ಯೂನಿಟ್ಟಿನ ಚೂರು ತೋರಿಸುವ ಕೊನೆಯ ಕೆಂಪು ಅಂಕೆ ಬಿಟ್ಟೆ. ಅದನ್ನು ಬಿಡಬೇಕು ಎಂದು ಗೊತ್ತಿರುವುದು ಮೀಟರು ಓದುವ ನಮ್ಮವರಿಗೆ ಮಾತ್ರ. ಅವನು ಬರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದ.

"ಎಷ್ಟು ವರ್ಷ?" ಎಂದ.

"ಮೂವತ್ತು."

"ನನ್ನದು ಇಪ್ಪತ್ತೆರಡು." ಪೆನ್ನು ಜೇಬಿಗೆ ಸಿಕ್ಕಿಸಿ, ದನಿ ತಗ್ಗಿಸಿ ಕೇಳಿದ. "ನಾಯಿ?"

ನಾನು ಬಲಗಾಲಿನ ಪ್ಯಾಂಟು ಮೊಳಕಾಲಿನ ತನಕ ಎತ್ತಿದೆ. ಹೊರಕೆರೆದೇವಪುರದ ಕಡೆಯ ಒಂದು ತೋಟದ ಮನೆಯ ನಾಯಿಯ ಗುರುತು, ಎರಡು ಹಲ್ಲು ಇಳಿದದ್ದು ಇವತ್ತಿಗೂ ಕಾಣುತ್ತದೆ. ಅವನು ಬಗ್ಗಿ ನೋಡಿ ಗೌರವದಿಂದ ತಲೆದೂಗಿದ. ಆಮೇಲೆ ತನ್ನ ಎಡಗಾಲಿನ ಪ್ಯಾಂಟು ಎತ್ತಿದ. ಅವನದು ನಾಲ್ಕು ಹಲ್ಲು. ಹಬೆಯ ನಡುವೆ ಇಬ್ಬರೂ ಕಾಲು ಮುಂದಿಟ್ಟುಕೊಂಡು ಸ್ವಲ್ಪ ಹೊತ್ತು ಹಾಗೇ ನಿಂತೆವು. ವಾಲ್ಟರ್ ಮತ್ತು ಡೊರೀನಮ್ಮ ಟವೆಲ್ ಸುತ್ತಿದ ತಲೆಗಳನ್ನು ಒಟ್ಟಿಗೆ ಬಗ್ಗಿಸಿ ಒಮ್ಮೆ ನನ್ನ ಕಾಲು, ಒಮ್ಮೆ ಅವನ ಕಾಲು ನೋಡಿದರು.

ಗಿರಿಜ ಎಣ್ಣೆಯ ಬಾಟಲಿಯ ಮುಚ್ಚಳ ಹಾಕುತ್ತ ಕೇಳಿದಳು, "ಇವ್ರೂ ನಿಮ್ಮೋರೇನಾ?"

"ಹೂಂ" ಎಂದೆ. "ನಮ್ಮೋರೇ."

"ಹಂಗಾದ್ರೆ ಕುಂತ್ಕಳ್ಳಾಕೆ ಹೇಳ್ರಿ. ಚಹಾ ಇಡ್ತೀನಿ."